ಕೂಡಿಸು ಒಂದು

"ಅಲ್ಲ ಕಣಮ್ಮ, ನಿನ್ನ ಸ್ವಂತ ತಂಗಿ! ಸೋಮವಾರದಿಂದ ನಿನ್ನ ಚೀಟಿ ನಿಲ್ಸಿ ಅವಳ ಚೀಟಿ ಹಾಕ್ತಾರಂತೆ. ಇದು ನಿಂಗೇ ಗೊತ್ತಿಲ್ಲ ಅಂದ್ರೆ ನಾನು ನಂಬಬೇಕಾ?"

ಬೇಕರಿಯ ಓವನ್ ಮಾಮ ಈ ಸುದ್ದಿ ಹೇಳುವಾಗ ಅವನ ಬಾಯಲ್ಲಿ ಅರ್ಧ ಬನ್ನಿತ್ತು. ಎದುರಿಗೆ ನಿಂತಿದ್ದ ಅಕ್ಕನ ಕೈಯಲ್ಲಿ ಚಹಾದ ಲೋಟವಿತ್ತು. ಲೋಟ ಬೀಳಲಿಲ್ಲ. ಆದರೆ ಚಹಾ ಎಷ್ಟು ಬಿಸಿಯಿದೆ ಅನ್ನುವುದು ಬೆರಳಿಗೆ ಆಗಲೇ ಗೊತ್ತಾಗಿದ್ದು.

"ಯಾವ ತಂಗಿ?"

"ಎಷ್ಟು ಜನ ಇದ್ದಾರೆ ನಿಂಗೆ?"

ಒಬ್ಬಳೇ. ಪುಟ್ಟಿ. ಹತ್ತು ವರ್ಷ ಚಿಕ್ಕವಳು, ಮೊನ್ನೆ ಮೊನ್ನೆ ಕಂಪ್ಯೂಟರ್ ಓದು ಮುಗಿಸಿ ಮನೆಯಲ್ಲಿ ಕೂತವಳು. ಒಂದು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಟಕಟಕ ಅನ್ನಿಸುತ್ತಿದ್ದಳು. ಯಾವುದೋ ಇಂಟರ್‌ವ್ಯೂಗೆ ತಯಾರಿ ಮಾಡುತ್ತಿದ್ದಾಳೆ ಅಂದುಕೊಂಡು, ಅಕ್ಕ ಪಾಪ ಟಿವಿ ಸದ್ದು ಕಡಿಮೆ ಮಾಡಿಕೊಂಡು ಧಾರಾವಾಹಿ ನೋಡುತ್ತಿದ್ದಳು. ತುಟಿ ಚಲನೆ ನೋಡಿ ಕಥೆ ಅರ್ಥ ಮಾಡಿಕೊಂಡಿದ್ದಳು!

"ನಿಂಗ್ಯಾರು ಹೇಳಿದ್ದು, ಮಾಮ?"

"ಪ್ಯಾಕಿಂಗ್ ಅತ್ತಿಗೆ. ಅವಳಿಗೆ ಯಜಮಾನಮ್ಮ ಹೇಳಿದ್ದು. ನಂಗೆ ನಿನ್ನೆನೇ ಗೊತ್ತು. ವ್ಯಾನಿನ ಡ್ರೈವರ್‌ಗೆ ಮೊನ್ನೆನೇ ಗೊತ್ತು."

ಅಂದರೆ ಊರಿಗೆಲ್ಲ ಗೊತ್ತಾಗಿ, ಉಳಿದದ್ದು ಅವಳೊಬ್ಬಳೇ.

ಆ ಬೇಕರಿಯಲ್ಲಿ ಎಲ್ಲರೂ ಅವಳನ್ನು ಚೀಟಿ ಅಕ್ಕ ಅಂತಲೇ ಕರೆಯುತ್ತಿದ್ದರು. ಬೇಕರಿ ಅಂದರೆ ಗಾಜಿನ ಕಪಾಟಿನಲ್ಲಿ ಕೇಕ್ ಇಟ್ಟು ಮಾರುವ ಅಂಗಡಿ ಅಲ್ಲ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಒಂದು ತುದಿಯಲ್ಲಿ ಹಿಟ್ಟಿನ ಚೀಲ, ಇನ್ನೊಂದು ತುದಿಯಲ್ಲಿ ವ್ಯಾನು, ನಡುವೆ ಮಾಮನ ಓವನ್ನು. ಊರಿನ ಮೂವತ್ತೊಂದು ಅಂಗಡಿಗಳಿಗೆ ಬನ್ನು, ಬ್ರೆಡ್ಡು ಹೋಗುವುದು ಇಲ್ಲಿಂದಲೇ. ನಾಳೆಗೆ ಎಷ್ಟು ಬೇಕು ಅಂತ ಅಂಗಡಿಯವರು ಸಂಜೆಯೊಳಗೆ ತಿಳಿಸುತ್ತಾರೆ. ಅಕ್ಕ ಬರೆದ ಪ್ರೋಗ್ರಾಂ ಅದನ್ನೆಲ್ಲ ಕೂಡಿಸಿ, ಒಂದು ಟ್ರೇಗೆ ಇಪ್ಪತ್ತನಾಲ್ಕು ಬನ್ನಿನ ಹಾಗೆ ಭಾಗಿಸಿ, ಬೆಳಗ್ಗೆ ಆರಕ್ಕೆ ಒಂದು ಚೀಟಿ ಉಗುಳುತ್ತದೆ. ಬನ್ನು ಇಷ್ಟು ಟ್ರೇ, ಬ್ರೆಡ್ಡು ಇಷ್ಟು ಟ್ರೇ. ಆ ಚೀಟಿ ಕೈಗೆ ಬರದೆ ಮಾಮ ಹಿಟ್ಟಿನ ಚೀಲದ ಬಾಯಿ ಕೂಡ ಬಿಚ್ಚುವುದಿಲ್ಲ.

ಒಂಬತ್ತು ವರ್ಷದಿಂದ ಇದೇ ಚೀಟಿ. ಅಪ್ಪ ಹಾಸಿಗೆ ಹಿಡಿದಾಗ ಓದು ಅರ್ಧಕ್ಕೆ ಬಿಟ್ಟು ಪ್ಯಾಕಿಂಗ್ ಕೆಲಸಕ್ಕೆ ಸೇರಿದವಳು ಅವಳು. ಬನ್ನಿಗೆ ಪ್ಲಾಸ್ಟಿಕ್ ಸುತ್ತುತ್ತಾ ಸುತ್ತುತ್ತಾ, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ರಟ್ಟು ಹರಿದ ಒಂದೇ ಒಂದು ಪುಸ್ತಕ ಇಟ್ಟುಕೊಂಡು ಪೈಥಾನ್ ಎರಡು ಅನ್ನುವ ಕಂಪ್ಯೂಟರ್ ಭಾಷೆ ಕಲಿತಳು. ಹೇಳಿಕೊಡುವವರು ಯಾರೂ ಇರಲಿಲ್ಲ. ತಪ್ಪಾದರೆ ಯಾಕೆ ತಪ್ಪು ಅಂತ ಕೇಳಲು ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ಅದೇ ಭಾಷೆಯ ಮೂರನೇದು ಬಂದಾಗಿತ್ತು, ಅವಳಿಗೆ ತಿಳಿದದ್ದು ಆಮೇಲೆ. ಎರಡನೇದನ್ನು ಮಾಡಿದವರೇ ಅದನ್ನು ಕೈಬಿಟ್ಟೂ ವರ್ಷಗಳಾದವು. ಅಕ್ಕ ಮಾತ್ರ ಬಿಡಲಿಲ್ಲ. ಬೇಕರಿಯ ಹಳೇ ಕಂಪ್ಯೂಟರ್ ಎದೆ ಮೇಲೆ ಕಲ್ಲು ಹೇರಿದಂತೆ ಏದುಸಿರು ಬಿಡುತ್ತಿದ್ದರೂ, ಅದರ ಪಕ್ಕದಲ್ಲೊಂದು ಫ್ಯಾನು ಇಟ್ಟು ಗಾಳಿ ಹಾಕುತ್ತಾ ಕಾಪಾಡಿಕೊಂಡು ಬಂದಿದ್ದಳು.

"ಪೈಥಾನ್ ಅಂದ್ರೆ ಹೆಬ್ಬಾವಲ್ವಾ?" ಅಂತ ಮಾಮ ಒಮ್ಮೆ ಕೇಳಿದ್ದ. "ಅದಕ್ಕೇ ಇರ್ಬೇಕು, ಚೀಟಿ ಬರೋದು ಅಷ್ಟು ನಿಧಾನ. ನುಂಗಿ ಅರಗಿಸ್ಕೋಬೇಕಲ್ಲ."

ಈಗ ಅವನೇ, ಉಳಿದ ಬನ್ನು ಬಾಯಿಗೆ ತುರುಕಿಕೊಂಡು, "ಹೋಗ್ಲಿ ಬಿಡು, ಮನೇಲೇ ಉಳೀತಲ್ಲ ಕೆಲ್ಸ. ಬೇರೆ ಯಾರೋ ಬಂದು ಮಾಡಿದ್ರೆ ಹೊಟ್ಟೆ ಉರೀತಿತ್ತು" ಅಂದ.

ಅಕ್ಕನ ಹೊಟ್ಟೆ ಆಗಲೇ ಮಾಮನ ಓವನ್ನಿಗಿಂತ ಜೋರಾಗಿ ಉರಿಯುತ್ತಿತ್ತು. ಬೇರೆ ಯಾರೋ ಆಗಿದ್ದರೆ ಎಷ್ಟೋ ತಣ್ಣಗಿರುತ್ತಿತ್ತು.

ಮನೆಗೆ ಹೋದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅಕ್ಕ ಚೀಲ ಕೂಡ ಇಳಿಸಲಿಲ್ಲ.

"ಅಮ್ಮ, ನಿಂಗೂ ಗೊತ್ತಿತ್ತಾ?"

ಅಮ್ಮ ಏನು ಅಂತ ಕೇಳಲಿಲ್ಲ. ಅಲ್ಲಿಗೆ ಉತ್ತರ ಸಿಕ್ಕಿತು.

"ನಿಂಗೆ ಹೇಳಿದ್ರೆ ಮುಖ ಊದಿಸ್ಕೋತೀಯ ಅಂತ..."

"ನಾನ್ಯಾವಾಗ ಮುಖ ಊದಿಸ್ಕೊಂಡಿದ್ದೀನಿ?"

"ಈಗ ಕನ್ನಡಿ ನೋಡ್ಕೋ ಹೋಗು."

ಅಷ್ಟರಲ್ಲಿ ಪುಟ್ಟಿ ರೂಮಿನಿಂದ ಹಾರಿಕೊಂಡು ಬಂದಳು. ಬಂದವಳೇ ಅಕ್ಕನ ಕುತ್ತಿಗೆಗೆ ಜೋತುಬಿದ್ದು, "ಅಯ್ಯೋ ಯಾರೇ ಬಾಯ್ಬಿಟ್ಟಿದ್ದು? ಸೋಮವಾರ ಸರ್‌ಪ್ರೈಸ್ ಕೊಡೋಣ ಅಂತಿದ್ದೆ ಕಣೇ!" ಅಂದಳು.

ಆಗಿದ್ದು ಇಷ್ಟು. ಹೋದ ತಿಂಗಳು ಅಕ್ಕ ಮನೆಯಲ್ಲೇ ಬಿಟ್ಟುಹೋದ ಕನ್ನಡಕ ಕೊಡಲು ಪುಟ್ಟಿ ಬೇಕರಿಗೆ ಬಂದಿದ್ದಳು. ಅಕ್ಕ ಸ್ಟೋರಿನಲ್ಲಿದ್ದಳು. ಯಜಮಾನಮ್ಮ ಬಾಗಿಲಲ್ಲೇ ಸಿಕ್ಕರು. ಹೊಸ ಕಂಪ್ಯೂಟರ್ ತಂದಿಟ್ಟಿದ್ದೇವೆ, ಹಳೇ ಪ್ರೋಗ್ರಾಂ ಅದರಲ್ಲಿ ಓಡುತ್ತಿಲ್ಲ, ಹಳೇದು ಯಾವತ್ತು ಕೈಕೊಡುತ್ತೋ ಅನ್ನುವ ಭಯ ಅಂತ ಯಾಕೋ ಇವಳ ಹತ್ತಿರ ಹೇಳಿಕೊಂಡರು. ಇವಳು ಹಲ್ಲು ಬಿಟ್ಟುಕೊಂಡು "ನಾನು ಮೂರನೇದಕ್ಕೆ ಬದಲಾಯಿಸಿ ಕೊಡ್ತೀನಿ ಮೇಡಂ" ಅಂದಳು. ಅದೂ ಯಾವ ಪ್ರೋಗ್ರಾಂ? ಅಕ್ಕ ಒಂದು ಕಾಪಿ ಇರಲಿ ಅಂತ ಮನೆಯ ಲ್ಯಾಪ್‌ಟಾಪಿನಲ್ಲಿ ತಾನೇ ಹಾಕಿಟ್ಟಿದ್ದು!

"ನನ್ನ ಕೇಳ್ಬಾರ್ದಿತ್ತಾ?" ಅಂದಳು ಅಕ್ಕ.

"ಕೇಳಿದ್ರೆ ನೀನು 'ಬೇಡ, ಎರಡೇ ಚೆನ್ನಾಗಿದೆ' ಅಂತಿದ್ದೆ."

"ಚೆನ್ನಾಗೇ ಇದೆ."

"ನೋಡು! ಅಕ್ಕ, ಸತ್ಯ ಹೇಳ್ಲಾ, ಅದು ಮುಗೀತು ಕಣೇ. ನಮ್ಮ ಕಾಲೇಜಲ್ಲಿ ಎರಡನೇದನ್ನ ಕಲಿಸೋದೇ ಇಲ್ಲ. ನಾವು ಸೇರೋ ಹೊತ್ತಿಗೆ ಬರೀ ಮೂರು. ನಿನ್ನ ಪ್ರೋಗ್ರಾಂ ನೋಡಿದ್ರೆ ನಂಗೆ ಅಜ್ಜಿ ಟ್ರಂಕು ಬಿಚ್ಚಿದ ಹಾಗಿತ್ತು!"

ಅವಳು ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯಿಂದ ಹೇಳಿದ್ದಕ್ಕೇ ಅಕ್ಕನಿಗೆ ಮೈಯೆಲ್ಲ ಮುಳ್ಳಾಯಿತು. ನಮ್ಮ ಕಾಲೇಜಂತೆ. ಒಂಬತ್ತು ವರ್ಷ ಪ್ರತಿ ದಿನ ಊರಿಗೇ ಬನ್ನು ತಿನ್ನಿಸಿದ್ದು ಟ್ರಂಕಂತೆ!

ಆ ಸಂಜೆ ಪುಟ್ಟಿ ತನ್ನ ಪ್ರೋಗ್ರಾಂ ತೋರಿಸಿದಳು. ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತ ಅಕ್ಕನಿಗೆ, ಬೈಯಲು ಏನಾದರೂ ಸಿಗಲಿ ಅಂತ ದೇವರಲ್ಲಿ ಬೇಡಿಕೊಳ್ಳುವುದೊಂದು ಬಾಕಿ. ಸಿಗಲಿಲ್ಲ. ಬಣ್ಣಬಣ್ಣದ ಪರದೆ, ಅಂಗಡಿಗಳ ಹೆಸರು ಸಾಲಾಗಿ, ಒಂದು ಒತ್ತಿದರೆ ಇನ್ನೊಂದು ತೆರೆಯುತ್ತಿತ್ತು. ಪುಟ್ಟಿ ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಿದ್ದಳು, ಕೀಬೋರ್ಡ್ ನೋಡದೆ. ಅಕ್ಕ ತನ್ನ ಬೆರಳು ಎಣಿಸಿಕೊಂಡಳು. ಅವಳು ಟೈಪ್ ಮಾಡುವುದು ನಾಲ್ಕರಲ್ಲಿ.

ಇವಳ ತಲೆಗೂದಲು ಬಾಚಿದ್ದು ನಾನು, ಸ್ಕೂಲಿಗೆ ಬಿಟ್ಟಿದ್ದು ನಾನು, ಮಗ್ಗಿ ಬಾಯಿಪಾಠ ಮಾಡಿಸಿದ್ದು ನಾನು. ಈ ಬೆರಳು ಯಾವಾಗ ಇಷ್ಟು ವೇಗ ಕಲಿತವು?

"ಅಕ್ಕ, ಒಂದೇ ಒಂದು ಡೌಟು," ಅಂದಳು ಪುಟ್ಟಿ. ಅಕ್ಕನ ಹಳೇ ಪ್ರೋಗ್ರಾಂ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಟ್ರೇಗೆ ಭಾಗಿಸಿ ಆದ್ಮೇಲೆ ಕೂಡಿಸು ಒಂದು ಅಂತ ಯಾಕಿದೆ?"

ಅಕ್ಕ ಸ್ಟೂಲನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದಳು.

ಆ 'ಕೂಡಿಸು ಒಂದು' ಬಂದ ಕಥೆ ಅವಳೊಬ್ಬಳಿಗೇ ಗೊತ್ತಿತ್ತು. ಪ್ರೋಗ್ರಾಂ ಶುರುವಾದ ಮೊದಲ ದಿನ ಸಾವಿರ ಬನ್ನಿಗೆ ಆರ್ಡರ್. ಚೀಟಿ ನಲವತ್ತೊಂದು ಟ್ರೇ ಅಂದಿತು. ಹದಿನಾರು ಬನ್ನು ಕಮ್ಮಿ ಬಿತ್ತು. ಅಂಗಡಿಯವನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಎಲ್ಲಿ ತಪ್ಪಿತು ಅಂತ ಮೂರು ದಿನ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಏನು ಬರುತ್ತೋ ಅದಕ್ಕೆ ಒಂದು ಕೂಡಿಸಿಬಿಟ್ಟಳು. ನಲವತ್ತೆರಡು. ಯಾವತ್ತೂ ಕಮ್ಮಿ ಬೀಳಲಿಲ್ಲ. ವರ್ಷ ಕಳೆದ ಮೇಲೆ ಪುಸ್ತಕದ ಮೂಲೆಯಲ್ಲಿ ಕಾರಣ ಸಿಕ್ಕಿತು. ಎರಡನೇದರಲ್ಲಿ ಪೂರ್ತಿ ಸಂಖ್ಯೆಯನ್ನು ಪೂರ್ತಿ ಸಂಖ್ಯೆಯಿಂದ ಭಾಗಿಸಿದರೆ ಉಳಿದದ್ದನ್ನು ಅದು ಸದ್ದಿಲ್ಲದೆ ಎಸೆದುಬಿಡುತ್ತದೆ. ಮೂರನೇದು ಎಸೆಯುವುದಿಲ್ಲ, ದಶಾಂಶ ಹಾಕಿ ಕೊಡುತ್ತದೆ. ಇದು ತಿಳಿದ ಮೇಲೂ ಅಕ್ಕ ಆ ಸಾಲು ಮುಟ್ಟಲಿಲ್ಲ. ನಡೀತಿದೆಯಲ್ಲ, ನಡೀಲಿ.

ಈಗ ಇದನ್ನೆಲ್ಲ ಈ ಕಾಲೇಜಿನವಳ ಮುಂದೆ ಬಿಚ್ಚುವುದಾ? ಗೊತ್ತಿಲ್ಲದೆ ತೇಪೆ ಹಾಕಿದೆ ಕಣೇ ಅಂತ ಹೇಳುವುದಾ? ಅದರ ಹಿಂದೆಯೇ ಇನ್ನೊಂದು ಯೋಚನೆ, ಬೆಕ್ಕಿನ ಹಾಗೆ, ಕಾಲು ಸವರಿಕೊಂಡು ಬಂತು. ಹಾಗೇ ಮೂರಕ್ಕೆ ಇಳಿಸಿದರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು.

"ಅದು ಅನುಭವ," ಅಂದಳು ಅಕ್ಕ. "ನಿಂಗೆ ಗೊತ್ತಾಗಲ್ಲ. ಹಾಗೇ ಇರ್ಲಿ ಬಿಡು, ಮುಟ್ಬೇಡ."

"ಸರಿ ಕಣಕ್ಕ," ಅಂದಳು ಪುಟ್ಟಿ. ಮರುಮಾತಾಡಲಿಲ್ಲ. ಮಗ್ಗಿ ಕಲಿಯುವಾಗಲೂ ಹೀಗೇ ನಂಬುತ್ತಿದ್ದಳು.

ಸೋಮವಾರ ಬೆಳಗ್ಗೆ ಆರಕ್ಕೆ ಹೊಸ ಕಂಪ್ಯೂಟರ್ ಮುಂದೆ ಮದುವೆ ಮನೆಯಷ್ಟು ಜನ. ಯಜಮಾನಮ್ಮ ಕೈ ಕಟ್ಟಿಕೊಂಡು ನಿಂತಿದ್ದರು. ಪ್ಯಾಕಿಂಗ್ ಅತ್ತಿಗೆ ಕೈಗವಸು ಕಳಚಿ ಬಂದಿದ್ದಳು. ಎರಡು ದಿನ ಎರಡೂ ಕಂಪ್ಯೂಟರ್ ಓಡಲಿ, ಎರಡೂ ಚೀಟಿ ನೋಡೋಣ, ಆಮೇಲೆ ಒಂದನ್ನು ಇಟ್ಟುಕೊಳ್ಳೋಣ ಅಂತ ಯಜಮಾನಮ್ಮನ ಮಾತು. ಮೂಲೆಯಲ್ಲಿ ಫ್ಯಾನಿನ ಗಾಳಿ ಕುಡಿಯುತ್ತಾ ಹಳೇದು ತನ್ನ ಚೀಟಿ ಕೊಟ್ಟಾಗಿತ್ತು. ಸಾವಿರ ಬನ್ನು, ನಲವತ್ತೆರಡು ಟ್ರೇ.

ಪುಟ್ಟಿ ಒತ್ತಿದಳು. ಹೊಸದು ಕಣ್ಣು ಮಿಟುಕಿಸುವುದರೊಳಗೆ ಚೀಟಿ ಕೊಟ್ಟಿತು. "ಅಬ್ಬಾ ಏನು ಸ್ಪೀಡು!" ಅಂದಳು ಪ್ಯಾಕಿಂಗ್ ಅತ್ತಿಗೆ. ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು.

ಮಾಮ ಚೀಟಿ ಹರಿದು ಕನ್ನಡಕ ಏರಿಸಿದ. ದೂರ ಹಿಡಿದ. ಹತ್ತಿರ ಹಿಡಿದ.

"ಬನ್ನು... ನಲವತ್ತೆರಡು ಪಾಯಿಂಟ್ ಆರು, ಆರು, ಆರು, ಆರು, ಆರು, ಆರು... ಉಸಿರು ಬಿಡೋಕಾದ್ರೂ ಜಾಗ ಕೊಡಮ್ಮ... ಆರು, ಆರು... ಕೊನೇಲಿ ಒಂದು ನಾಲ್ಕು ಬೇರೆ! ಇದೇನು ಬನ್ನೋ ಫೋನ್ ನಂಬರೋ?"

ಮೊದಲು ನಕ್ಕವಳು ಪ್ಯಾಕಿಂಗ್ ಅತ್ತಿಗೆ. ಆಮೇಲೆ ಇಡೀ ಶೆಡ್ಡು.

"ಅಲ್ಲ, ನಲವತ್ತೆರಡು ಟ್ರೇ ಇಡ್ತೀನಿ," ಅಂದ ಮಾಮ. "ಈ ಪಾಯಿಂಟ್ ಆರು ಟ್ರೇ ಎಲ್ಲಿಂದ ತರ್ಲಿ? ಒಂದು ಟ್ರೇ ತಂದು ಗರಗಸದಲ್ಲಿ ಕುಯ್ಲಾ? ಆ ನಾಲ್ಕಕ್ಕೆ ಒಂದು ಎಳ್ಳಿನಷ್ಟು ಕತ್ತರಿಸಿ ಪಕ್ಕಕ್ಕಿಡ್ಲಾ?"

ಪುಟ್ಟಿಯ ಮುಖ ಕಿವಿಯವರೆಗೂ ಕೆಂಪಾಯಿತು. ಮನೆಯಲ್ಲಿ ಅವಳು ನೋಡಿದ್ದು ಪರದೆಯ ಮೇಲೆ ಮಾತ್ರ. ಅಲ್ಲಿ ಅಂಕಿ ಅಂದವಾಗಿ ಕಾಣಲಿ ಅಂತ ದಶಾಂಶ ಮುಚ್ಚಿಟ್ಟಿದ್ದಳು. ಚೀಟಿ ಪ್ರಿಂಟರ್ ಮನೆಯಲ್ಲಿರಲಿಲ್ಲ. ಚೀಟಿಯ ಭಾಗ ಅಕ್ಕನದ್ದನ್ನೇ ಹಾಗೇ ಇಳಿಸಿದ್ದಳು, ಮುಟ್ಟದೆ.

"ಏನಮ್ಮ ಇದು?" ಅಂದರು ಯಜಮಾನಮ್ಮ.

ಅಕ್ಕ ಕಾದಳು. ಈಗ ಹೇಳುತ್ತಾಳೆ. 'ಅಕ್ಕನ್ನ ಕೇಳಿದ್ದೆ, ಅವಳೇ ಹಾಗೇ ಬಿಡು ಅಂದ್ಲು' ಅಂತ ಹೇಳೇ ಹೇಳುತ್ತಾಳೆ. ಹೇಳಲಿ! ಹೇಳಿದರೆ ಜಗಳವಾಡಬಹುದು. ಜಗಳಕ್ಕೆ ಬೇಕಾದ ಮಾತೆಲ್ಲ ಅಕ್ಕನ ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿತ್ತು.

"ನಂದೇ ತಪ್ಪು ಮೇಡಂ," ಅಂದಳು ಪುಟ್ಟಿ. "ಪ್ರಿಂಟ್ ಮಾಡಿ ನೋಡ್ಬೇಕಿತ್ತು, ನೋಡ್ಲಿಲ್ಲ. ನಾಳೆಯೊಳಗೆ ಸರಿ ಮಾಡ್ತೀನಿ."

ಅಷ್ಟೇ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಆ ದಿನ ಬನ್ನು ಅಕ್ಕನ ಚೀಟಿ ಪ್ರಕಾರವೇ ಬೆಂದಿತು. "ನಿನ್ನದೇ ಗೆದ್ದಿತು ಬಿಡು" ಅಂತ ಮಾಮ ಬೆನ್ನು ತಟ್ಟಿ ಹೋದ. ಅಕ್ಕನಿಗೂ ಖುಷಿಯಾಯಿತು, ಸುಳ್ಳು ಯಾಕೆ. ಅರ್ಧ ಗಂಟೆ ಮಟ್ಟಿಗೆ ಕಾಲು ನೆಲಕ್ಕೆ ತಾಕಲಿಲ್ಲ. ಆಮೇಲೆ, ಬಾಕಿ ಉಳಿದ ಎಂಟು ಬನ್ನು ಹಂಚಿಕೊಂಡು ಎಲ್ಲರೂ ಚಹಾ ಕುಡಿಯುವಾಗ, ಪುಟ್ಟಿ ಎಲ್ಲರ ನಡುವೆ ಕೂತು ಮಾಮನ ಹಾಗೇ ಮೂಗಿನ ಮೇಲೆ ಕನ್ನಡಕ ಏರಿಸುವಂತೆ ಮಾಡಿ "ಆರು, ಆರು, ಆರು" ಅಂತ ಓದಿ ತೋರಿಸಿದಳು. ತನ್ನ ತಪ್ಪನ್ನೇ! ಜನ ಬಿದ್ದು ಬಿದ್ದು ನಕ್ಕರು. "ಎಷ್ಟು ಒಳ್ಳೇ ಹುಡುಗಿ ಕಣೇ ನಿನ್ನ ತಂಗಿ" ಅಂದಳು ಪ್ಯಾಕಿಂಗ್ ಅತ್ತಿಗೆ, ಅಕ್ಕನ ತೊಡೆ ತಟ್ಟಿ.

ಒಂಬತ್ತು ವರ್ಷದಲ್ಲಿ ಅಕ್ಕ ಒಂದು ದಿನವೂ ಯಾರನ್ನೂ ಹೀಗೆ ನಗಿಸಿರಲಿಲ್ಲ. ತಪ್ಪು ಮಾಡಿದಾಗಲಂತೂ ಸ್ಟೋರಿಗೆ ಹೋಗಿ ಅತ್ತಿದ್ದಳು. ಸೋಲುವುದರಲ್ಲೂ ಇವಳೇ ಮುಂದಾ? ಅಕ್ಕ ತನ್ನ ಪಾಲಿನ ಬನ್ನನ್ನು ಮಾಮನ ಕಡೆ ತಳ್ಳಿದಳು.

ಮಂಗಳವಾರ ಆರ್ಡರ್ ಬಂದದ್ದು ಒಂಬೈನೂರ ಅರವತ್ತು ಬನ್ನಿಗೆ. ಇಪ್ಪತ್ತನಾಲ್ಕರ ಲೆಕ್ಕಕ್ಕೆ ಸರಿಯಾಗಿ ನಲವತ್ತು ಟ್ರೇ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಹಳೇದು ಎಂದಿನಂತೆ ನಲವತ್ತಕ್ಕೆ ಒಂದು ಕೂಡಿಸಿ ನಲವತ್ತೊಂದು ಅಂದಿತು. ಹೊಸದರ ಚೀಟಿ ಅಚ್ಚುಕಟ್ಟಾಗಿ ಹೊರಗೆ ಬಂತು. ನಲವತ್ತು.

ಮಾಮ ಎರಡೂ ಚೀಟಿ ಎರಡು ಕೈಯಲ್ಲಿ ಹಿಡಿದು, "ಅಯ್ಯಯ್ಯೋ, ಒಂದು ಟ್ರೇ ಎಲ್ಲಿ ಹೋಯ್ತು?" ಅಂದ.

ಶೆಡ್ಡಿನಲ್ಲಿ ಗದ್ದಲವೆದ್ದಿತು. ವಿಷಯ ಏನೆಂದರೆ, ದಿನವೂ ಒಂದಿಷ್ಟು ಬನ್ನು ಬಾಕಿ ಉಳಿದು ಕೆಲಸದವರ ಚಹಾಕ್ಕೆ ಬರುತ್ತಿತ್ತು. ಆದರೆ ಯಾವಾಗಲೋ ಒಮ್ಮೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಇಡೀ ಒಂದು ಟ್ರೇ, ಇಪ್ಪತ್ತನಾಲ್ಕೂ ಬನ್ನು, ಪೂರ್ತಿ ಉಳಿಯುತ್ತಿತ್ತು. ಆ ದಿನ ಒಬ್ಬೊಬ್ಬರೂ ಮನೆಗೂ ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದರು. ಅದಕ್ಕೆ 'ತುಂಬು ಟ್ರೇ ದಿನ' ಅಂತ ಹೆಸರೂ ಇತ್ತು. ಯಜಮಾನಮ್ಮನ ದೊಡ್ಡ ಮನಸ್ಸು ಅಂತ ಕೆಲಸದವರು ಅಂದುಕೊಂಡಿದ್ದರು. ಸೀದುಹೋಗುವ ಬನ್ನಿಗೆ ಅಂತ ಪ್ರೋಗ್ರಾಂ ಮುಂಜಾಗ್ರತೆ ಮಾಡುತ್ತದೆ ಅಂತ ಯಜಮಾನಮ್ಮ ಅಂದುಕೊಂಡಿದ್ದರು. ಅದು ಒಂಬತ್ತು ವರ್ಷದ ಹಿಂದಿನ ಒಂದು ತೇಪೆ, ಲೆಕ್ಕ ಸರಿಯಾಗಿ ಭಾಗವಾದ ದಿನ ಪೂರ್ತಿ ಟ್ರೇ ಹೆಚ್ಚಾಗುತ್ತದೆ ಅಂತ ಅಕ್ಕನಿಗೆ ಮಾತ್ರ ಗೊತ್ತಿತ್ತು.

"ನಮಗೆ ಹಳೇದೇ ಇರ್ಲಿ ಮೇಡಂ," ಅಂದ ಮಾಮ. "ಹಳೇದಕ್ಕೆ ಕರುಳಿದೆ. ಹೊಸದು ಭಾರೀ ಜುಗ್ಗ."

"ಹೌದು ಮೇಡಂ, ಅಕ್ಕಂದೇ ಇರ್ಲಿ," ಅಂದಳು ಪ್ಯಾಕಿಂಗ್ ಅತ್ತಿಗೆ. ನಿನ್ನೆ ಒಳ್ಳೇ ಹುಡುಗಿ ಅಂದ ಬಾಯಲ್ಲೇ.

ಯಜಮಾನಮ್ಮ ಎರಡೂ ಚೀಟಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. "ಒಂದೇ ಆರ್ಡರ್. ಒಂದು ನಲವತ್ತು ಅನ್ನುತ್ತೆ, ಒಂದು ನಲವತ್ತೊಂದು ಅನ್ನುತ್ತೆ. ಯಾವುದು ಸರಿ?"

ಆಗ ಪುಟ್ಟಿ ಅಕ್ಕನನ್ನು ನೋಡಿದಳು. ಒಂದೇ ಸಲ, ಒಂದೇ ಕ್ಷಣ. ಆ ನೋಟದಲ್ಲಿ ಎಲ್ಲವೂ ಇತ್ತು. ನಿನ್ನೆ ಮಧ್ಯಾಹ್ನ ಕೂತು ಸರಿ ಮಾಡುವಾಗ ಇವಳಿಗೆ ಗೊತ್ತಾಗಿದೆ. ಭಾಗಾಕಾರ ಗೊತ್ತಾಗಿದೆ, ತೇಪೆ ಗೊತ್ತಾಗಿದೆ, ಹಾಗೇ ಬಿಡು ಅಂದದ್ದು ಯಾಕೆ ಅಂತಲೂ ಗೊತ್ತಾಗಿದೆ.

"ಎರಡೂ ಒಂದೊಂದು ರೀತಿ ಸರಿ ಮೇಡಂ," ಅಂದಳು ಪುಟ್ಟಿ, ನೆಲ ನೋಡುತ್ತಾ. "ಅಕ್ಕ ಏನೋ ಯೋಚ್ನೆ ಮಾಡೇ ಒಂದು ಜಾಸ್ತಿ ಇಟ್ಟಿರ್ತಾಳೆ."

ಅಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಕಾಪಾಡುತ್ತಿದ್ದಾಳೆ! ನನ್ನನ್ನು! ಇವಳು!

"ನಂಗೆ ಈ ಒಂದೊಂದು ರೀತಿ ಎಲ್ಲ ಬೇಡ," ಅಂದರು ಯಜಮಾನಮ್ಮ. "ನಾಳೆ ಹತ್ತು ಗಂಟೆಗೆ ಇಬ್ರೂ ನನ್ನ ರೂಮಿಗೆ ಬನ್ನಿ. ಎರಡೋ ಮೂರೋ, ಒಂದು ಮಾತು. ಅಕ್ಕ, ನೀನೇ ಹೇಳ್ಬೇಕು. ನೀನು ಹಳೇದು ಸಾಕು ಅಂದ್ರೆ ನಾನು ಹಳೇದಕ್ಕೇ ರಿಪೇರಿ ಮಾಡಿಸ್ತೀನಿ. ಈ ಮನೆಗೆ ಒಂಬತ್ತು ವರ್ಷ ದುಡಿದವಳು ನೀನು."

ಅಂದರೆ ಗೆಲ್ಲಬೇಕು ಅಂದರೆ ಅಕ್ಕ ಬಾಯಿ ತೆರೆಯುವುದೂ ಬೇಡ, ತಲೆ ಆಡಿಸಿದರೆ ಸಾಕು.

ಸಂಜೆ ಐದರವರೆಗೂ ಆ ಗೆಲುವನ್ನು ಅವಳು ನಾಲಿಗೆ ಮೇಲೆ ಇಟ್ಟುಕೊಂಡು ತಿರುಗಾಡಿದಳು. ಸಕ್ಕರೆ ಹಾಕದ ಚಹಾದ ಹಾಗಿತ್ತು. ಹಳೇ ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡಿದಳು. ಬೆಂಕಿಯಷ್ಟು ಬಿಸಿ. ಎಷ್ಟು ರಿಪೇರಿ ಮಾಡಿಸಿದರೂ ಇನ್ನು ಎಷ್ಟು ದಿನ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಒಂದು ಬೆಳಗ್ಗೆ ಏಳದೇ ಹೋದರೆ ಮೂವತ್ತೊಂದು ಅಂಗಡಿ ಖಾಲಿ. ಆಗ ಎಲ್ಲರೂ ಓಡುವುದು ಪುಟ್ಟಿಯ ಹತ್ತಿರವೇ. ಪುಟ್ಟಿ ಬರುತ್ತಾಳೆ, ಹತ್ತು ಬೆರಳಲ್ಲಿ ಟಕಟಕ ಅನ್ನಿಸುತ್ತಾಳೆ, ಊರಿಗೆ ಬನ್ನು ಬರುತ್ತದೆ. ಚೀಟಿ ಅಕ್ಕ ಅನ್ನುವವಳೊಬ್ಬಳು ಇದ್ದಳು ಅಂತ ಆಮೇಲೆ ಮಾಮ ಯಾರಿಗಾದರೂ ಹೇಳಬೇಕು.

ಇನ್ನೊಂದು ಮಾತು ಅದಕ್ಕಿಂತ ಜೋರಾಗಿ ಚುಚ್ಚುತ್ತಿತ್ತು. ತೇಪೆಯನ್ನು ಪುಟ್ಟಿ ತಾನಾಗಿಯೇ ಕಂಡುಹಿಡಿದಳು. ಒಂದೇ ಮಧ್ಯಾಹ್ನದಲ್ಲಿ. ತನಗೆ ಹಿಡಿದದ್ದು ಒಂದು ವರ್ಷ. ಆ ಪ್ರೋಗ್ರಾಮಿನಲ್ಲಿ ಅಂಥ ಸಾಲು ಇನ್ನೂ ಹನ್ನೊಂದಿವೆ. ಭಾನುವಾರ ತೆರೆಯದ ಅಂಗಡಿಗಳಿಗೆ ಒಂದು, ಮಧ್ಯದಲ್ಲಿ ಆರ್ಡರ್ ಬದಲಿಸುವವರಿಗೆ ಒಂದು, ಹೊಸ ಟ್ರೇ ಬಂದ ವರ್ಷಕ್ಕೆ ಒಂದು. ಬಿಟ್ಟರೆ ಅವೆಲ್ಲವನ್ನೂ ಇವಳೇ ಒಂದೊಂದಾಗಿ ಹೆಕ್ಕಿ ತೆಗೆಯುತ್ತಾಳೆ, ಯಾರಿಗೂ ಹೇಳದೆ, ಅಕ್ಕನ ಮರ್ಯಾದೆ ಉಳಿಸುತ್ತಾ. ಅವಳಾಗಿ ಹುಡುಕಿದರೆ ಎಲ್ಲವೂ ಅವಳದ್ದು. ತಾನಾಗಿ ಹೇಳಿದರೆ?

ಪುಟ್ಟಿ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದಳು. ಅಕ್ಕ ಬರುವುದನ್ನೇ ಕಾಯುತ್ತಿದ್ದಳು ಅಂತ ಕಾಣುತ್ತದೆ, ಆದರೆ ಕಾಯದವಳಂತೆ ಟೈರು ಒತ್ತಿ ನೋಡುತ್ತಿದ್ದಳು.

"ಯಾಕೆ ಹೇಳ್ಲಿಲ್ಲ?" ಅಂದಳು ಅಕ್ಕ.

"ಏನನ್ನ?"

"ನಾಟಕ ಮಾಡ್ಬೇಡ. ನಿನ್ನೆ. ನಾನೇ ಹಾಗೇ ಬಿಡು ಅಂದಿದ್ದು ಅಂತ."

ಪುಟ್ಟಿ ಟೈರು ಬಿಟ್ಟಳು. "ಹೇಳಿದ್ರೆ ಏನು ಸಿಗ್ತಿತ್ತು? ನೀನು ಬೇಕಂತ ಮಾಡಿದ್ದು ಅಂತ ನಂಗೆ ಆಮೇಲೆ ಗೊತ್ತಾಯ್ತು. ಸಂಜೆ ಪೂರ್ತಿ ಅಳ್ತಾ ಕೂತಿದ್ದೆ. ಅಮ್ಮನ್ನ ಕೇಳು ಬೇಕಿದ್ರೆ."

"ನಾನು ನೋಡ್ಲಿಲ್ವಲ್ಲ."

"ಬಾಗ್ಲು ಹಾಕ್ಕೊಂಡಿದ್ದೆ. ನೀನು ಟಿವಿ ಸದ್ದು ಕಮ್ಮಿ ಮಾಡಿದ್ದೆ, ನಾನು ಕೆಲ್ಸ ಮಾಡ್ತಿದ್ದೀನಿ ಅಂತ."

ಅಕ್ಕನಿಗೆ ನಗು ಬಂತು, ಅದನ್ನು ಹಲ್ಲು ಕಚ್ಚಿ ತಡೆದಳು. ಇಷ್ಟು ಬೇಗ ನಗಬಾರದು.

"ನಂಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು," ಅಂದಳು. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. "ಈಗ್ಲೂ ಇದೆ. ನಾಳೆನೂ ಇರುತ್ತೆ. ಹೋಗುತ್ತೆ ಅಂತ ಕಾಯ್ಬೇಡ."

"ಗೊತ್ತು. ನಂಗೂ ಇದೆ."

"ಏನು ಗೊತ್ತು? ನಿಂಗೇನಿದೆ ಹೊಟ್ಟೆಕಿಚ್ಚು ಪಡೋಕೆ?"

"ಬೇಕರೀಲಿ ಒಬ್ರಾದ್ರೂ ನನ್ನ ಹೆಸರು ಹಿಡಿದು ಕರೆದಿದ್ದಾರಾ?" ಅಂದಳು ಪುಟ್ಟಿ. "ಎಲ್ರೂ 'ಚೀಟಿ ಅಕ್ಕನ ತಂಗಿ' ಅಂತಾನೇ. ಒಂದು ತಿಂಗಳು ಕೂತು ಬರೆದ್ರೂನೂ, 'ಅಕ್ಕಂದನ್ನೇ ಬದ್ಲಾಯಿಸಿದ್ದಾ?' ಅಂತ ಕೇಳ್ತಾರೆ."

ಇದನ್ನು ಕೇಳಿ ಅಕ್ಕನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಆಗಬಾರದಿತ್ತು, ಆಯಿತು. ಗೇಟಿನಿಂದ ವ್ಯಾನು ಹೊರಟಿತು. ಇಬ್ಬರೂ ಪಕ್ಕಕ್ಕೆ ಸರಿದು ನಿಂತರು.

"ಕೂಡಿಸು ಒಂದು ತರದ್ದು ಇನ್ನೂ ಹನ್ನೊಂದಿವೆ," ಅಂದಳು ಅಕ್ಕ.

"ಹನ್ನೊಂದಾ? ನಂಗೆ ನಾಲ್ಕೇ ಸಿಕ್ಕಿದ್ದು!"

ನಾಲ್ಕೇ! ಅಕ್ಕನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಾಲ್ಕೇ ಸಿಗೋದು. ಉಳಿದಿದ್ದು ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ. ಮೇಡಂ ಹತ್ರ ಮೂರೇ ಇರ್ಲಿ ಅಂತ ನಾನು ಹೇಳ್ತೀನಿ. ನಲವತ್ತೊಂದು ಯಾಕೆ ಬಂತು ಅಂತಾನೂ ನಾನೇ ಹೇಳ್ತೀನಿ, ನೀನು ಮಧ್ಯೆ ಬಾಯಿ ಹಾಕ್ಬೇಡ. ನಂಗೆ ನಿನ್ನ ಕನಿಕರ ಬೇಡ."

"ಕನಿಕರ ಅಲ್ಲ ಕಣೇ..."

"ಏನಾದ್ರೂ ಆಗ್ಲಿ, ಬೇಡ. ಆದ್ರೆ ಅದಕ್ಕೆ ಮುಂಚೆ ಹನ್ನೊಂದೂ ಸಾಲು ನಿನ್ನ ಪ್ರೋಗ್ರಾಮಿನಲ್ಲಿ ನನ್ನ ಕೈಯಲ್ಲೇ ಟೈಪ್ ಆಗ್ಬೇಕು. ನಾಲ್ಕು ಬೆರಳಲ್ಲಿ. ನೀನು ಪಕ್ಕದಲ್ಲಿ ಕೂತ್ಕೊಂಡು ನೋಡ್ಬೇಕು, ತುಟಿ ಪಿಟಕ್ ಅನ್ಬಾರ್ದು."

"ನಿಧಾನ ಆಗಲ್ವಾ?"

"ಆಗುತ್ತೆ. ಅದಕ್ಕೇ ನಾಳೆ ಏಳೂವರೆಗೆ ಬಾ, ಬೇಕರೀಲಿ ನನ್ನ ಟೇಬಲ್ ಹತ್ರ. ಹತ್ತಕ್ಕೆ ಮೇಡಂ ರೂಮಿಗೆ ಒಟ್ಟಿಗೆ ಹೋಗೋಣ."

"ಏಳೂವರೆನಾ? ಅಕ್ಕ, ಎಂಟಕ್ಕೆ ಬರ್ಲಾ?"

"ಏಳೂವರೆ ಅಂದ್ರೆ ಏಳೂವರೆ. ನೋಟ್‌ಬುಕ್ ತಗೊಂಡು ಬಾ."